ದೀರ್ಘವಿಲ್ಲದ ಊಟ

ಆ ವರ್ಷ ಗಣೇಶನ ಹಬ್ಬದ ಊಟದಲ್ಲಿ ಕನ್ನಡ ಕೂಟದ ಅಧ್ಯಕ್ಷರಿಗೇ ಕಡುಬು ಸಿಗಲಿಲ್ಲ. ಹ್ಯಾರೋದ ಒಂದು ಶಾಲೆಯ ಹಾಲಿನಲ್ಲಿ, ಸಾಲಿನ ಕೊನೆಯಲ್ಲಿ, ರೇಷ್ಮೆ ಜುಬ್ಬ ತೊಟ್ಟು ಪೇಪರ್ ತಟ್ಟೆ ಹಿಡಿದು ನಿಂತ ಅನಂತಮೂರ್ತಿಯವರ ಸರದಿ ಬರುವ ಹೊತ್ತಿಗೆ ಅನ್ನ ಮತ್ತು ಮಜ್ಜಿಗೆ ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಬಿಸಿಬೇಳೆ ಬಾತಿನ ಪಾತ್ರೆಯ ತಳ ಕೆರೆಯುವ ಸದ್ದು ಹಾಲಿಗೆಲ್ಲ ಕೇಳಿಸುತ್ತಿತ್ತು. ಮೂವತ್ತು ವರ್ಷ ಈ ದೇಶದ ಆಸ್ಪತ್ರೆಗಳಲ್ಲಿ ಜನರ ಮುರಿದ ಮೂಳೆ ಕೂಡಿಸಿದ ದೊಡ್ಡ ಮನುಷ್ಯರು ಮಜ್ಜಿಗೆ ಅನ್ನ ಕಲಸುತ್ತ, ಕೂಟದ ಕಾರ್ಯದರ್ಶಿ ವೈದೇಹಿಯ ಕಡೆ ಒಮ್ಮೆ ನೋಡಿದರು. ಆ ನೋಟ ವೈದೇಹಿಗೆ ಎರಡು ದಿನ ಊಟ ಸೇರದಂತೆ ಮಾಡಿತು.

ವೈದೇಹಿ ಲೆಕ್ಕ ತಪ್ಪುವ ಹೆಂಗಸಲ್ಲ. ಕೌನ್ಸಿಲ್ ಆಫೀಸಿನಲ್ಲಿ ಅವಳ ಕೆಲಸವೇ ಬಾಡಿಗೆ ಸಹಾಯ ಕೋರಿ ಬಂದ ಅರ್ಜಿಗಳಲ್ಲಿ ಸುಳ್ಳು ಯಾವುದೆಂದು ಹುಡುಕುವುದು. ಊಟದ ಚೀಟಿಗಳನ್ನು ಅವಳೇ ಮನೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಹಳದಿ ಕಾರ್ಡಿನ ಮೇಲೆ ಇನ್ನೂರು ಪ್ರತಿ ತೆಗೆಸಿ, ಒಂದೊಂದಕ್ಕೂ ಕೂಟದ ಮೊಹರು ಒತ್ತಿದ್ದಳು. ಊಟ ಮುಗಿದ ಮೇಲೆ, ಬಂದವರಿಂದ ಚೀಟಿ ಹಾಕಿಸಿಕೊಂಡ ಪೆಟ್ಟಿಗೆ ಬಿಚ್ಚಿದರೆ ಒಳಗೆ ಇನ್ನೂರ ಇಪ್ಪತ್ತನಾಲ್ಕು ಇದ್ದವು. ಎಲ್ಲವೂ ಹಳದಿ, ಎಲ್ಲದರ ಮೇಲೂ ಮೊಹರು. ಯಾರೋ ಕಳ್ಳ ಚೀಟಿ ಮಾಡಿದ್ದರು.

ಅನುಮಾನಕ್ಕೆ ಆಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಅಡುಗೆ ಶೇಖರಪ್ಪನದು. ದಾವಣಗೆರೆ ಕಡೆಯವನು, ಸೌತ್‌ಹಾಲಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದು, ರಜೆಯ ದಿನಗಳಲ್ಲಿ ಕೂಟದ ಅಡುಗೆ ಹಿಡಿಯುತ್ತಿದ್ದ. ಅವನ ಕೈಕೆಳಗಿನವರ ಊಟಕ್ಕೆಂದು ವೈದೇಹಿ ಮೊದಲೇ ಆರು ಚೀಟಿ ಕೊಟ್ಟಿದ್ದಳು. ಅವನ್ನೇ ನಕಲು ತೆಗೆಸಿ ಮಾರಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಸಾಕ್ಷಿ ಕೇಳಿದವರಿಗೆ ಅದೂ ಸಿದ್ಧವಿತ್ತು: ಯಾರಿಗೂ ಗುರುತಿಲ್ಲದ ಇಪ್ಪತ್ತು ಚಿಲ್ಲರೆ ಮುದುಕ ಮುದುಕಿಯರು ಅಡುಗೆಮನೆಯ ಪಕ್ಕದ ಮೇಜುಗಳಲ್ಲಿ ಕೂತು ಉಂಡದ್ದನ್ನೂ, ಶೇಖರಪ್ಪ ತಾನೇ ಬಗ್ಗಿ ಅವರಿಗೆ ಎರಡೆರಡು ಕಡುಬು ಬಡಿಸಿದ್ದನ್ನೂ ಅವಳು ಕಣ್ಣಾರೆ ಕಂಡಿದ್ದಳು. ಗಿರಾಕಿಗಳಲ್ಲದವರಿಗೆ ಯಾರಾದರೂ ಅಷ್ಟು ಉಪಚಾರ ಮಾಡುತ್ತಾರೆಯೇ?

ಮೂರನೆಯ ದಿನ ಕೂಟದ ನೂರ ಎಂಬತ್ತು ಮನೆಗಳಿಗೂ ಈಮೇಲ್ ಹೋಯಿತು. ಅಡುಗೆಯ ಶೇಖರಪ್ಪನವರ ಕಡೆಯಿಂದ ಅವ್ಯವಹಾರ ನಡೆದಿರುವ ಬಲವಾದ ಶಂಕೆಯಿದೆ, ಅಕ್ಟೋಬರ್ ಹತ್ತೊಂಬತ್ತರಂದು ಸಮಿತಿ ಸೇರಿ ತೀರ್ಮಾನಿಸುವವರೆಗೆ ಸದಸ್ಯರು ಅವರಿಗೆ ಕೆಲಸ ಕೊಡಬಾರದು ಎಂದು ಅದರಲ್ಲಿತ್ತು. ಕೆಳಗೆ ವೈದೇಹಿಯ ಹೆಸರು.

ರೇನರ್ಸ್ ಲೇನಿನ ಮನೆಯಲ್ಲಿ ಅವರು ನಾಲ್ಕು ಜನ. ಗಂಡ ಮಾಧವ ಅರಿವಳಿಕೆ ಕೊಡುವ ಡಾಕ್ಟರು. ಮನೆಯಲ್ಲಿ ಜಗಳ ಎದ್ದರೆ ಮೊದಲು ತಾನೇ ಮಂಪರಿಗೆ ಜಾರುತ್ತಿದ್ದ. ಹದಿಮೂರು ವರ್ಷದ ಮಗಳು ಧೃತಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ನಾಲ್ಕನೆಯವರು ಮಾವ ಜಗನ್ನಾಥರು, ಎಪ್ಪತ್ತಾರು ವರ್ಷ. ಮೈಸೂರಿನಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ಲಗ್ನಪತ್ರಿಕೆಯಿಂದ ಪಂಚಾಂಗದವರೆಗೆ. ಹೆಂಡತಿ ತೀರಿಕೊಂಡ ಮೇಲೆ ಪ್ರೆಸ್ಸನ್ನೂ ಮನೆಯನ್ನೂ ಮಾರಿ ಮಗನ ಜೊತೆಗಿರಲು ಬಂದು ಎರಡು ವರ್ಷವಾಗಿತ್ತು.

ಆ ಎರಡು ವರ್ಷದಲ್ಲಿ ಮಾವ ಸೊಸೆ ಜಗಳವಾಡದ ವಸ್ತು ಮನೆಯಲ್ಲಿ ಉಳಿದಿರಲಿಲ್ಲ. ಹೀಟಿಂಗ್ ಎಷ್ಟು ಹೊತ್ತು ಉರಿಯಬೇಕು, ಸಾರಿಗೆ ಹುಳಿ ಎಷ್ಟು, ಬಚ್ಚಲ ನೆಲದ ಮೇಲೆ ನೀರೇಕೆ. ಜಗನ್ನಾಥರು ಉಪ್ಪಿನಕಾಯಿ ಬಾಟಲಿಯ ಮೇಲಿನ ಕನ್ನಡವನ್ನೂ ಬಿಡದೆ ತಿದ್ದುವರು. ಅವರು ತೊಳೆದ ಲೋಟವನ್ನು ವೈದೇಹಿ ಅವರೆದುರೇ ಇನ್ನೊಮ್ಮೆ ತೊಳೆಯುವಳು. ದೊಡ್ಡದಾಗಿ ಮುರಿದದ್ದು ಯುಗಾದಿಯಂದು. ಕೂಟದ ನಿಯಮದಲ್ಲಿ ಒಂದು ಕುಟುಂಬವೆಂದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅಪ್ಪ ಅಮ್ಮ ಬಂದರೆ ಅವರು ಅತಿಥಿಗಳು, ತಲೆಗೆ ಏಳು ಪೌಂಡು. ನಿಯಮ ಮಾಡಿಸಿದವಳೇ ವೈದೇಹಿ. ಎರಡು ಹೋಳಿಗೆ ತಿನ್ನುವ ಮುದುಕರಿಗೆ ಏಳು ಪೌಂಡು ದಂಡವೆಂದು ಮಾವನಿಗೆ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಟ್ಟು, ಮೂವರೇ ಹೋಗಿ ಹಬ್ಬದ ಊಟ ಉಂಡು ಬಂದಿದ್ದರು. ಸಂಜೆ ಬಂದು ನೋಡಿದಾಗ ಡಬ್ಬಿ ತೆರೆದಿರಲಿಲ್ಲ. ಗಣೇಶನ ಹಬ್ಬಕ್ಕೆ ಮಾಧವ ಅಪರೂಪಕ್ಕೆ ಬಾಯಿ ಬಿಟ್ಟು ಅಪ್ಪನಿಗೂ ಒಂದು ಚೀಟಿ ಕೊಳ್ಳಲೇಬೇಕೆಂದು ಹಟ ಮಾಡಿದ್ದ.

ಅಕ್ಟೋಬರ್ ಹನ್ನೊಂದು, ಶನಿವಾರ ಮಧ್ಯಾಹ್ನ. ವೈದೇಹಿ ಮುಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಟೀವಿಯಲ್ಲಿ ಹಳೆಯ ಕಪ್ಪು ಬಿಳುಪು ಸಿನಿಮಾ. ತಾತ ಮೊಮ್ಮಗಳು ಅದರಲ್ಲಿ ಮುಳುಗಿದ್ದರು. ಕಳ್ಳ ನೋಟು ಅಚ್ಚು ಹಾಕುವ ಒಬ್ಬ ಮುದುಕ, ವರ್ಷಗಟ್ಟಲೆ ಅವನ ಬೆನ್ನು ಹತ್ತಿದ ಪೊಲೀಸರು. ಮುದುಕ ತನ್ನ ಹೊಟ್ಟೆಗೆ ಬೇಕಾದಷ್ಟೇ ನೋಟು ಮಾಡಿಕೊಳ್ಳುವವನು, ಜನರಿಗೆಲ್ಲ ಬೇಕಾದವನು. ಜಗನ್ನಾಥರಿಗೆ ಅವನ ಕೆಲಸವೇ ಹಿಡಿಸಲಿಲ್ಲ. ಮಸಿ ಹಚ್ಚುವ ರೀತಿ ನೋಡು, ಹಾಗೆ ಹಚ್ಚಿದರೆ ನೋಟಿರಲಿ, ನಾಟಕದ ಕರಪತ್ರವೂ ಬಾರದು ಎಂದು ಗೊಣಗಿದರು. ಧೃತಿ ಆ ಮುದುಕ ತುಂಬ ಸ್ವೀಟ್, ಅವನನ್ನು ಬಿಟ್ಟುಬಿಡಬೇಕು ಎಂದಳು.

"ವಯಸ್ಸಾಯ್ತು ಅಂತ ಕಳ್ಳತನ ಪುಣ್ಯ ಆಗ್ಬಿಡುತ್ತಾ?" ವೈದೇಹಿ ದಿಂಬಿನ ಚೀಲ ಕೊಡವುತ್ತ ಕೇಳಿದಳು. "ಕಳ್ಳ ಕಳ್ಳನೇ. ಒಳಗೆ ಹಾಕ್ಬೇಕು."

ಎಲ್ಲದಕ್ಕೂ ಎದುರಾಡುವ ಜಗನ್ನಾಥರು ಅಂದು ಎದುರಾಡಲಿಲ್ಲ. ಹುರುಳಿಕಾಯಿ ಬಿಡಿಸಬೇಕು ಎಂದು ಎದ್ದು ಅಡುಗೆಮನೆಗೆ ಹೋದರು. ವೈದೇಹಿ ಅದನ್ನು ಗಮನಿಸಲಿಲ್ಲ, ಯಾಕೆಂದರೆ ಆಗ ಪರದೆಯ ಮೇಲೆ ಪೊಲೀಸ್ ಅಧಿಕಾರಿ ಕಳ್ಳ ನೋಟುಗಳನ್ನೂ ಒಳ್ಳೆಯ ನೋಟುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿ, ಮಸೂರ ಹಿಡಿದು ಒಂದೊಂದನ್ನೇ ನೋಡುತ್ತಿದ್ದ. ಇಷ್ಟು ದಿನ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮಡಚಿದ ಬಟ್ಟೆಯನ್ನು ಸೋಫಾದ ಮೇಲೇ ಬಿಟ್ಟು, ಚೀಟಿಯ ಪೆಟ್ಟಿಗೆ ತಂದು ಊಟದ ಮೇಜಿನ ಮೇಲೆ ಸುರಿದಳು.

ಒಂದು ಗಂಟೆ ಏನೂ ಸಿಗಲಿಲ್ಲ. ಕಾರ್ಡು ಅದೇ, ಅಂಚಿನ ಬಳ್ಳಿ ಅದೇ, ಮೊಹರೂ ಅದೇ. ಬಣ್ಣ ನೋಡಿದಳು, ಅಳತೆ ನೋಡಿದಳು, ಬೆಳಕಿಗೆ ಹಿಡಿದಳು. ಕಣ್ಣು ಸೋತು ಎರಡು ಚೀಟಿಗಳನ್ನು ಸುಮ್ಮನೆ ಓದಿದಳು. ಒಂದರ ಮೇಲೆ 'ಊಟದ ಚೀಟಿ' ಎಂದಿತ್ತು. ಇನ್ನೊಂದರ ಮೇಲೆ 'ಉಟದ ಚೀಟಿ'.

ಎಲ್ಲವನ್ನೂ ಬೇರೆ ಬೇರೆ ಮಾಡಿದಳು. ದೀರ್ಘವಿದ್ದವು ಇಪ್ಪತ್ತನಾಲ್ಕು, ಇಲ್ಲದವು ಇನ್ನೂರು. ತಪ್ಪಿದ್ದವೇ ನಿಜವಾದವು, ಸರಿಯಿದ್ದವೇ ಕಳ್ಳವು. ಕಂಪ್ಯೂಟರಿನಲ್ಲಿ ಟೈಪು ಮಾಡುವಾಗ ಅವಳೇ ಶಿಫ್ಟ್ ಒತ್ತದೆ ಊಟವನ್ನು ಉಟ ಮಾಡಿದ್ದಳು. ಇನ್ನೂರು ಜನ ಆ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದರು, ಅಧ್ಯಕ್ಷರೂ ನಿಂತಿದ್ದರು, ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಒಬ್ಬರ ಕಣ್ಣಿಗೆ ಬಿದ್ದಿತ್ತು. ಆಗಸ್ಟಿನಲ್ಲಿ ಪ್ರತಿ ತೆಗೆಸಿ ತಂದ ದಿನವೇ ಮಾವ ಒಂದು ಚೀಟಿ ಎತ್ತಿಕೊಂಡು, ಊಟಕ್ಕೆ ದೀರ್ಘ ಬೇಕಮ್ಮ, ಇದನ್ನು ಹಂಚಿದರೆ ಕೂಟದ ಮಾನ ಹೋಗುತ್ತದೆ ಎಂದಿದ್ದರು. ಜನ ತಿನ್ನೋಕೆ ಬರ್ತಾರೆ ಮಾವ, ಓದೋಕಲ್ಲ ಎಂದು ಅವಳು ಕಿತ್ತುಕೊಂಡಿದ್ದಳು. ಈಗ ಆ ಎರಡು ಚೀಟಿ ಹಿಡಿದು ಅವಳು ಅಡುಗೆಮನೆಗೆ ಹೋದಳು.

"ಮಾವ, ಇದು ನಿಮ್ಮ ಕೆಲಸಾನ?"

ಜಗನ್ನಾಥರು ಕೈಯೊರೆಸಿಕೊಂಡು ಚೀಟಿಗಳನ್ನು ದೂರ ಹಿಡಿದು ನೋಡಿದರು. "ಬಲಗೈಲಿರೋದು ನಂದು. ಎಡಗೈಲಿರೋದು ನಿಂದು."

"ನಾಚ್ಕೆ ಆಗಲ್ವಾ ನಿಮಗೆ?"

"ನಿನ್ನದನ್ನ ಹಾಗೇ ಅಚ್ಚು ಹಾಕಿದ್ರೆ ಆಗ್ತಿತ್ತು," ಎಂದರು. "ಕೈ ಬರ್ಲಿಲ್ಲ."

ಮುಚ್ಚಿಡುವ ಯೋಚನೆಯೇ ಅವರಿಗಿರಲಿಲ್ಲ. ಮೂಲಪ್ರತಿ ಅವಳ ಮೇಜಿನ ಡ್ರಾಯರಿನಲ್ಲಿತ್ತು. ಅದರ ಉಕಾರಕ್ಕೆ ಕಪ್ಪು ಪೆನ್ನಿನಲ್ಲಿ ದೀರ್ಘ ಎಳೆದು, ಸ್ಟೇಷನ್ ಪಕ್ಕದ ಪೇಪರ್ ಅಂಗಡಿಯಲ್ಲಿ ಹಳದಿ ಕಾರ್ಡಿನ ಮೇಲೆ ನಕಲು ತೆಗೆಸಿ, ಬ್ಲೇಡಿನಲ್ಲಿ ಕತ್ತರಿಸಿ, ಅವಳದೇ ಮೊಹರು ಒತ್ತಿದ್ದರು. ಚೀಟಿಗಳು ಹೋದದ್ದು ಲೈಬ್ರರಿಯ ಮುದುಕರಿಗೆ. ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆ, ಮೊಮ್ಮಗುವನ್ನು ಆಡಿಸಲಿಕ್ಕೆ ಆರಾರು ತಿಂಗಳಿಗೆಂದು ಬಂದವರು ಹಗಲು ಕಳೆಯಲೆಂದು ಅಲ್ಲಿ ಬಂದು ಕೂರುತ್ತಿದ್ದರು. ಒಬ್ಬರಿಗೂ ಮಕ್ಕಳು ಏಳು ಪೌಂಡಿನ ಚೀಟಿ ಕೊಳ್ಳಲಿಲ್ಲ, ಕೊಳ್ಳು ಎನ್ನಲು ಇವರಿಗೂ ಬಾಯಿ ಬರಲಿಲ್ಲ. ಅವರಲ್ಲಿ ನಾರಾಯಣಸ್ವಾಮಿಯವರೂ ಅವರ ಹೆಂಡತಿ ಕಾಮಾಕ್ಷಮ್ಮನವರೂ ಉಳಿದವರನ್ನೆಲ್ಲ ಬಸ್ಸು ಹತ್ತಿಸಿ ಕರೆದುಕೊಂಡು ಬಂದಿದ್ದರು. ಕಳ್ಳ ಚೀಟಿ ಎಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಸೊಸೆ ಕಳಿಸಿದ್ದಾಳೆ ಎಂದು ಜಗನ್ನಾಥರು ಹೇಳಿದ್ದರು. ಕಾಮಾಕ್ಷಮ್ಮ ಆ ಸೊಸೆಯ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ್ದರಂತೆ.

"ನನ್ನ ಮೊಹರು ಕದ್ದು, ನನ್ನ ಹೆಸರು ಹೇಳಿ, ನನಗೇ ಪುಣ್ಯ ಕಟ್ಟಿದ್ರಾ?"

"ಡಬ್ಬೀಲಿ ಮೊಸರನ್ನ ಇಟ್ಟು ಹೋದ್ಯಲ್ಲ, ಅವತ್ತು ನೀನೇ ಕಟ್ಕೋಬಹುದಿತ್ತು."

"ನಿಮ್ಮ ದಾನಧರ್ಮಕ್ಕೆ ಶೇಖರಪ್ಪನ ಅನ್ನಕ್ಕೆ ಕಲ್ಲು ಬಿತ್ತು. ಅದು ಗೊತ್ತಾ?"

ಜಗನ್ನಾಥರ ಕೈ ಹುರುಳಿಕಾಯಿಯ ಮೇಲೆ ನಿಂತಿತು. ಈಮೇಲ್ ಅವರು ಓದುವವರಲ್ಲ, ಕೂಟದ ಮಾತು ಅವರೆದುರು ಯಾರೂ ಆಡುತ್ತಿರಲಿಲ್ಲ. ಚೀಟಿ ಹೆಚ್ಚಾಯಿತೆಂದು ಸೊಸೆ ಕುದಿಯುತ್ತಿದ್ದದ್ದಷ್ಟೇ ಗೊತ್ತಿತ್ತು, ಅದನ್ನು ಕಂಡು ಒಳಗೊಳಗೇ ಖುಷಿಪಟ್ಟಿದ್ದರು ಕೂಡ. ಅಡುಗೆಯವನ ಹೆಸರು ಬಂದದ್ದು ಇದೇ ಮೊದಲು.

"ಅವನ ಮೇಲೆ ಹಾಕಿದ್ಯಾ? ಬಗ್ಗಿ ಬಗ್ಗಿ ನಮ್ಮ ಮುದುಕರಿಗೆ ಬಡಿಸಿದವನ ಮೇಲೆ?" ಎಂದವರು ಎದ್ದು ನಿಂತರು. "ಫೋನ್ ಮಾಡು ಅವನಿಗೆ. ಈಗ್ಲೇ ಮಾಡು. ಕಳ್ಳ ಸಿಕ್ದ, ನಮ್ಮ ಮಾವಾನೇ ಅಂತ ಹೇಳು."

ವೈದೇಹಿ ಫೋನ್ ಮಾಡಲಿಲ್ಲ. ಡ್ಯೂಟಿ ಮುಗಿಸಿ ಬಂದ ಮಾಧವ ಅಂದು ಮಂಪರಿಗೆ ಹೋಗಲಿಲ್ಲ, ಅದೇ ಕೆಟ್ಟದ್ದಾಯಿತು. ಆಸ್ಪತ್ರೆಯಲ್ಲಿ ತನ್ನ ಮೇಲಿನವರಲ್ಲಿ ಇಬ್ಬರು ಕೂಟದವರು, ನಾಳೆಯಿಂದ ಅವರ ಮುಖ ಹೇಗೆ ನೋಡುವುದು ಎಂದ. ಗಂಡ ಹೆಂಡತಿ ಕೂತು ಉಪಾಯ ಹುಡುಕಿದರು. ಹತ್ತೊಂಬತ್ತರ ಸಭೆಯಲ್ಲಿ ಸಾಕ್ಷಿ ಸಾಲದು ಎಂದು ಬರೆದು ಪ್ರಕರಣ ಮುಚ್ಚಿಬಿಡುವುದು. ಶೇಖರಪ್ಪ ಕಳ್ಳ ಎಂದಂತೆಯೂ ಆಗುವುದಿಲ್ಲ, ಅಲ್ಲ ಎಂದಂತೆಯೂ ಆಗುವುದಿಲ್ಲ.

"ಅವನು ಅಲ್ಲ ಅಂತ ಬರೀಬೇಕು," ಜಗನ್ನಾಥರು ಬಾಗಿಲಲ್ಲಿ ನಿಂತು ಹೇಳಿದರು.

"ಅಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಾರೆ," ಎಂದಳು ವೈದೇಹಿ. "ನೀವು ಹೊರಗೆ ಬಾಯಿ ಬಿಟ್ರೆ ಮೈಸೂರಿಗೆ ಟಿಕೆಟ್ ತೆಗೀತೀನಿ ಮಾವ. ಅಲ್ಲಿ ಯಾರ ಮನೇಲಿ ಇರ್ತೀರೋ ನೀವೇ ನೋಡ್ಕೊಳಿ."

ಆ ಮನೆತನದಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವುದು ರೂಢಿ. "ಸುಮ್ನಿರಿ ಅಣ್ಣ, ಎಲ್ಲಾ ತಣ್ಣಗಾಗುತ್ತೆ," ಎಂದ ಮಾಧವ, ಅವರ ಮುಖ ನೋಡದೆ. ಧೃತಿ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊಟಕ್ಕೆ ಕರೆದಾಗ, "ಯೂ ಸೆಡ್ ಕಳ್ಳ ಕಳ್ಳನೇ," ಎಂದು ಅಮ್ಮನಿಗೆ ಹೇಳಿ ತಟ್ಟೆ ತೆಗೆದುಕೊಂಡು ಮೇಲೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ದೋಸೆ ಹುಯ್ಯುವಾಗ ಫೋನು ಬಂತು. ಶೇಖರಪ್ಪನೇ. ಈಮೇಲನ್ನು ಯಾರೋ ಅಚ್ಚು ತೆಗೆದು ಅವನ ಹೋಟೆಲಿನ ಮಾಲೀಕನಿಗೆ ತೋರಿಸಿದ್ದರು. ಉಗ್ರಾಣದ ಬೀಗದ ಕೈ ಅವನ ಹತ್ತಿರ ಇರುತ್ತಿತ್ತು, ಮಾಲೀಕ ಅದನ್ನು ವಾಪಸು ತೆಗೆದುಕೊಂಡಿದ್ದ. ಅವನ ವೀಸಾ ಇರುವುದೂ ಆ ಮಾಲೀಕನ ಹೆಸರಿನಲ್ಲೇ. ಹೆಂಡತಿ ಈಗ ತಾನೇ ಊರಿಂದ ಬಂದಿದ್ದಾಳೆ ಎಂದೂ ಸೇರಿಸಿದ.

"ದೊಡ್ಡ ಕಾಗದ ಏನ್ ಬ್ಯಾಡ್ರಿ ಮೇಡಂ. ಇವನ ಮ್ಯಾಲೆ ತಪ್ಪಿಲ್ಲ ಅಂತ ಒಂದ್ ಸಾಲು ಬರ್ದು ಕೊಟ್ರೆ ತೋರಿಸ್ಕೊಂತೀನ್ರಿ."

ವೈದೇಹಿ ಹಂಚಿನ ಮೇಲಿನ ದೋಸೆ ನೋಡುತ್ತ, ಸಮಿತಿ ಸೇರದೆ ತಾನೊಬ್ಬಳೇ ಏನೂ ಬರೆಯುವಂತಿಲ್ಲ, ಮುಂದಿನ ಭಾನುವಾರದವರೆಗೆ ತಾಳಿ ಎಂದಳು. ನಿಯಮದ ಪ್ರಕಾರ ಅದು ಸರಿಯೇ ಇತ್ತು. ಆಯ್ತ್ರಿ ಎಂದು ಅವನು ಇಟ್ಟುಬಿಟ್ಟ. ದೋಸೆ ಸೀದುಹೋಗಿತ್ತು. ಹಿಂದೆ ತಿರುಗಿದರೆ ಮಾವ ನಿಂತಿದ್ದರು, ಅವರ ಕಣ್ಣಲ್ಲಿದ್ದದ್ದು ಶುದ್ಧ ಅಸಹ್ಯ. ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ, ಚೀಟಿ ಕದ್ದ ಮನುಷ್ಯ ತನ್ನನ್ನು ಹಾಗೆ ನೋಡಬಹುದೇ ಎಂದು ಅವಳಿಗೆ ಮೈ ಉರಿಯಿತು.

ಅಂದಿನಿಂದ ಜಗನ್ನಾಥರು ಅವಳು ಮಾಡಿದ್ದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಒಂದು ಹಿಡಿ ಅವಲಕ್ಕಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಳ್ಳುವರು, ಸಂಜೆಯೂ ಅದೇ. ತಿಂದ ಬಟ್ಟಲನ್ನು ತಾವೇ ತೊಳೆದು, ಒರೆಸಿ, ತಮ್ಮ ಕೋಣೆಗೆ ಒಯ್ಯುವರು. ಇದು ಯಾರನ್ನು ಹೆದರಿಸುವ ಉಪವಾಸ ಎಂದು ಅವಳು ಕೇಳಿದಾಗ, ನಿನ್ನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅಷ್ಟೇ ಎಂದರು. ಮಂಗಳವಾರ ಅವಳು ಸಾರಿನ ಪಾತ್ರೆಯನ್ನೇ ಸಿಂಕಿಗೆ ಸುರಿದಳು. ಬುಧವಾರ ಅವರು ಮೊದಲ ಸಲ ಅವಳನ್ನು ಬೇಡಿಕೊಂಡರು: ಸಭೆಯಲ್ಲಿ ಬೇಡ, ಹೆಸರೂ ಬೇಡ, ಅವನು ಕೇಳಿದ ಆ ಒಂದು ಸಾಲು ಬರೆದುಕೊಡು. ವೈದೇಹಿಗೆ ಬರೆಯಬೇಕೆನ್ನಿಸದೆ ಇರಲಿಲ್ಲ. ಆಫೀಸಿನಲ್ಲಿ ಎರಡು ಸಲ ಬರೆದು ಎರಡು ಸಲ ಅಳಿಸಿದ್ದಳು. ಆದರೆ ಬೇಡಿದವರು ಅವರು. ಅವರು ಹೇಳಿದ್ದಕ್ಕೆ ಬರೆದಂತಾಗುತ್ತದೆ ಎಂಬುದೊಂದೇ ಕಾರಣಕ್ಕೆ ಆಗುವುದಿಲ್ಲ ಎಂದುಬಿಟ್ಟಳು.

ಗುರುವಾರ ಧೃತಿಯ ಬಾಯಿಂದ ಇನ್ನೊಂದು ಸುದ್ದಿ ಬಂತು. ಸೌತ್‌ಹಾಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ತಾತ ಕೇಳುತ್ತಿದ್ದರಂತೆ. ವೈದೇಹಿ ನೇರ ಮಾವನ ಕೋಣೆಗೆ ಹೋಗಿ, ಕೋಟಿನ ಜೇಬಿನಿಂದ ಅವರ ಪುಕ್ಕಟೆ ಬಸ್ ಪಾಸನ್ನು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮಂಚದ ಮೇಲೆ ಕೂತಿದ್ದ ಜಗನ್ನಾಥರು ನೋಡುತ್ತಲೇ ಇದ್ದರು.

"ಮಾಧವ," ಎಂದು ಮಗನನ್ನು ಕೂಗಿ ಹೇಳಿದರು, "ನಿನ್ನ ಹೆಂಡತಿ ನನ್ನ ಜೇಬಿಗೆ ಕೈ ಹಾಕಿದಾಳೆ. ನೋಡ್ಕೊಂಡಿರು."

ಮಾಧವ ಕೆಳಗಿನಿಂದ ಮೇಲೆ ಬರಲಿಲ್ಲ. ಟೀವಿಯ ಸದ್ದು ಸ್ವಲ್ಪ ಏರಿತು, ಅಷ್ಟೇ.

ಭಾನುವಾರದ ಸಭೆ ಪಿನ್ನರಿನಲ್ಲಿ, ಅನಂತಮೂರ್ತಿಯವರ ಮನೆಯ ದೊಡ್ಡ ಕೋಣೆಯಲ್ಲಿ. ಖಜಾಂಚಿ ಉಮಾಶಂಕರ, ಅಧ್ಯಕ್ಷರು, ವೈದೇಹಿ ಮತ್ತು ಸಮಿತಿಯ ಇನ್ನೂ ನಾಲ್ವರು ಸೋಫಾಗಳ ಮೇಲೆ. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ. ಶೇಖರಪ್ಪನಿಗೆ ಬಾಗಿಲ ಹತ್ತಿರ ಊಟದ ಮನೆಯಿಂದ ಒಂದು ಕುರ್ಚಿ ತಂದು ಹಾಕಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಕೊಟ್ಟ ಕಾಫಿಯನ್ನು ಕುಡಿಯದೆ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದ. ವೈದೇಹಿ ವರದಿ ಓದಿದಳು. ನೇರವಾದ ಸಾಕ್ಷಿ ಸಾಲದ ಕಾರಣ ಯಾವ ಕ್ರಮವೂ ಇಲ್ಲ. ಆದರೆ ಸದಸ್ಯರ ವಿಶ್ವಾಸದ ದೃಷ್ಟಿಯಿಂದ ರಾಜ್ಯೋತ್ಸವದ ಊಟಕ್ಕೆ ಬೇರೆ ಅಡುಗೆಯವರನ್ನು ಗೊತ್ತು ಮಾಡುವುದು. ಒಪ್ಪಿಗೆಯೆಂದು ಕೈಗಳು ಏಳುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಂದವರು ಜಗನ್ನಾಥರು. ರೇನರ್ಸ್ ಲೇನಿನಿಂದ ನಡೆದೇ ಬಂದಿದ್ದರು. ಬೂಟಿಗೆಲ್ಲ ಒದ್ದೆ ಎಲೆ ಮೆತ್ತಿತ್ತು, ಉಸಿರು ಹತ್ತಿತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಆ ಇಪ್ಪತ್ತನಾಲ್ಕು ಚೀಟಿ ಮಾಡಿದವನು ತಾನು, ಊಟಕ್ಕೆ ದೀರ್ಘವಿರುವವೆಲ್ಲ ತನ್ನವು, ಕಾಗದ, ಮೊಹರು, ನಕಲು ಎಲ್ಲ ತನ್ನ ಕೈಕೆಲಸ, ಅಡುಗೆಯವರಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ ಎಂದು ನಿಂತೇ ಹೇಳಿದರು. ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ.

ವೈದೇಹಿ ನೆಲ ನೋಡುತ್ತಿದ್ದಳು. ಆಮೇಲೆ ಅನಂತಮೂರ್ತಿಯವರು ನಕ್ಕರು. ಹೊಟ್ಟೆ ಕುಣಿಯುವಂತೆ ನಕ್ಕರು. ಅವರ ಹಿಂದೆ ಉಮಾಶಂಕರ ನಕ್ಕ, ಉಳಿದವರೂ ನಕ್ಕರು. ಎಪ್ಪತ್ತಾರನೇ ವಯಸ್ಸಿನಲ್ಲಿ ಭಾರಿ ಕೆಲಸ ಮಾಡಿದ್ದೀರಿ ರಾಯರೇ, ನನ್ನ ಕಡುಬು ಹಾರಿಸಿದವರು ನೀವೋ ಎಂದರು ಅಧ್ಯಕ್ಷರು. ನಮ್ಮ ಮಾಧವನ ತಂದೆ ಎಂದು ಗೊತ್ತಿಲ್ಲದವರಿಗೆ ಹೇಳಿದರು. ಇನ್ನು ಮುಂದೆ ಕೂಟದ ಚೀಟಿಗಳನ್ನೆಲ್ಲ ಇವರ ಕೈಯಲ್ಲೇ ಮಾಡಿಸೋಣ, ಕನ್ನಡವಾದರೂ ಸರಿಯಿರುತ್ತದೆ ಎಂದು ಉಮಾಶಂಕರ ಹೇಳಿದ್ದಕ್ಕೆ ಇನ್ನೊಂದು ಸುತ್ತು ನಗು. ಯಾರೋ ಒಬ್ಬರು ಜಗನ್ನಾಥರಿಗೆಂದು ಉಪ್ಪಿಟ್ಟು ತರಿಸಿದರು. ವೈದೇಹಿಗೆ ಭೂಮಿ ಬಾಯಿಬಿಡಲಿ ಅನ್ನಿಸಿದ್ದ ಗಳಿಗೆ ಇಷ್ಟು ಸಲೀಸಾಗಿ ಕಳೆದುಹೋಯಿತೇ ಎಂದು ಆಶ್ಚರ್ಯವಾಯಿತು. ಅವಳೂ ಸ್ವಲ್ಪ ನಕ್ಕಳು.

"ನಾ ಕದ್ದೀನಿ ಅಂದಾಗ ಯಾರೂ ನಗಲಿಲ್ರಿ," ಎಂದ ಶೇಖರಪ್ಪ.

ದನಿ ಏರಿಸಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಅನಂತಮೂರ್ತಿಯವರು ಮುಖ ಗಂಭೀರ ಮಾಡಿಕೊಂಡು, ಆದದ್ದಾಯಿತು, ರಾಜ್ಯೋತ್ಸವದ ಅಡುಗೆ ನಿಮ್ಮದೇ, ಎಲ್ಲ ಸರಿಹೋಯಿತಲ್ಲ ಎಂದರು. ತಪ್ಪಾಯಿತಪ್ಪ ಎಂದು ಜಗನ್ನಾಥರು ಕೈ ಮುಗಿದರು. ಶೇಖರಪ್ಪ ಕಾಫಿ ಲೋಟ ಹಿಡಿದುಕೊಂಡೇ ವೈದೇಹಿಯ ಕಡೆ ನೋಡಿದ.

"ಮೇಡಂ, ಇದು ನಿಮಗೆ ಯಾವಾಗ ಗೊತ್ತಾತ್ರಿ?"

ಅವಳು ಬಾಯಿ ತೆರೆಯುವ ಮೊದಲೇ ಜಗನ್ನಾಥರು, "ಅವಳಿಗೆ ಏನೂ ಗೊತ್ತಿಲ್ಲಪ್ಪ, ಈಗಲೇ..." ಎಂದು ಅಡ್ಡ ಬಂದರು. ಮಗನ ಮನೆಯ ಮಾನಕ್ಕೆಂದು ಬಂದರೋ ಏನೋ. ವೈದೇಹಿಗೆ ತಡೆಯಲಾರದ ಸಿಟ್ಟು ಬಂತು. ವಾರವಿಡೀ ತನ್ನ ಅನ್ನವನ್ನು ಮುಟ್ಟದ ಮನುಷ್ಯನ ಕೈಯಿಂದ ತಾನು ಉಳಿದುಕೊಳ್ಳಬೇಕೇ? ಆ ಋಣವೊಂದನ್ನು ಹೊರಲು ಅವಳು ಸಿದ್ಧಳಿರಲಿಲ್ಲ.

"ಎಂಟು ದಿನ ಆಯ್ತು," ಎಂದಳು. "ಹೋದ ಶನಿವಾರವೇ ಗೊತ್ತಾಯ್ತು. ನೀವು ಫೋನ್ ಮಾಡಿದಾಗ ನನಗೆ ಗೊತ್ತಿತ್ತು."

ಉಪ್ಪಿಟ್ಟಿನ ತಟ್ಟೆಗಳಲ್ಲಿ ಚಮಚಗಳು ನಿಂತವು. ಈ ಸಲ ಯಾರೂ ನಗಲಿಲ್ಲ. ಶೇಖರಪ್ಪ ಎದ್ದು, ತುಂಬಿದ ಕಾಫಿ ಲೋಟವನ್ನು ಒಂದು ಹನಿಯೂ ತುಳುಕದಂತೆ ಕುರ್ಚಿಯ ಮೇಲಿಟ್ಟ. ಬಾಗಿಲಲ್ಲಿ ಬೂಟು ಹಾಕಿಕೊಂಡು, ಲೇಸು ಕಟ್ಟಿ, ನೆಟ್ಟಗೆ ನಿಂತ.

"ನನ್ನ ಕೆಲ್ಸದಿಂದ ತೆಗ್ದು ಐದು ದಿನ ಆತ್ರಿ ಮೇಡಂ," ಎಂದು ಹೇಳಿ ಬಾಗಿಲೆಳೆದುಕೊಂಡು ಹೋದ.